ಅಬ್ಬಿ ನೀರಿನ ಪಾಲು

ಕಳೆದ ವಾರ ಬೆಂಗಳೂರಿನಿಂದ ಫೋನ್ ಮಾಡಿದಾಗ ನೀವು ದನಿ ತಗ್ಗಿಸಿ ಕೇಳಿದಿರಿ: "ಪಕ್ಕದಲ್ಲಿ ಇರುವುದೊಂದೇ ಮನೆ, ಅದೂ ಮುಸ್ಲಿಮರದ್ದು. ಏನೂ ತೊಂದರೆ ಇಲ್ಲವೇ?" ಉತ್ತರಿಸುವಷ್ಟರಲ್ಲಿ ಸಿಗ್ನಲ್ ಹೋಯಿತು. ತೊಂದರೆ ಇದೆ. ಆದರೆ ನೀವು ಊಹಿಸಿದ ಜಾಗದಲ್ಲಿ ಇಲ್ಲ. ಆದ್ದರಿಂದ ಬಿಡಿಸಿ ಬರೆಯುತ್ತಿದ್ದೇನೆ.

ಹೊಸನಗರ ತಾಲ್ಲೂಕಿನ ನಮ್ಮ ಈ ಅಂಚಿಗೆ ಶಿವಮೊಗ್ಗ ಜಿಲ್ಲೆ ಮುಗಿಯುತ್ತದೆ; ಘಟ್ಟ ಇಳಿದರೆ ಉಡುಪಿ ಜಿಲ್ಲೆ. ಹತ್ತಿರದ ಪೇಟೆ ನಗರ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು 1763ರಲ್ಲಿ ಗೆದ್ದ ಹೈದರಾಲಿ ಅದಕ್ಕೆ ಹೈದರನಗರವೆಂದು ಹೆಸರಿಟ್ಟ; ಬರುಬರುತ್ತಾ ಹೈದರ್ ಉದುರಿ ನಗರವಷ್ಟೇ ಉಳಿಯಿತು. ಇಂಥ ಊರಿಗೆ ಹೋದ ವರ್ಷ ಬಂದಿದ್ದ ನೀವು ಪಕ್ಕದ ಮನೆಯ ಸಾಹೇಬರಿಗೆ "ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ" ಎಂದು ಹೇಳಿದಿರಿ. ಅವರು ನಕ್ಕು ಸುಮ್ಮನಾದರು. ಇರುಸುಮುರುಸಾದದ್ದು ನನಗೆ, ನನ್ನ ಕನ್ನಡವನ್ನು ನೀವು ಒಮ್ಮೆಯೂ ಹೊಗಳಿದವರಲ್ಲ.

ಹಬ್ಬದ ಸಿಹಿ, ಮದುವೆಯ ಕರೆ, ಅವರ ಮನೆಯ ಮದುವೆಯಲ್ಲಿ ನಮಗಾಗಿ ಬೇರೆ ಅಡುಗೆಭಟ್ಟರನ್ನು ಕರೆಸುವ ವಿಷಯ ಹೇಳುವಂಥದ್ದೇನಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಯಲ್ಲಿ ಭೂತರಾಯ, ಚೌಡೇಶ್ವರಿ ಹಾಗೂ ಸೈಯದ್ ಸಾದತ್ ದರ್ಗಾ ಒಂದೇ ಸೂರಿನಡಿ ಇವೆ; ಹರಕೆ ಇದ್ದರೆ ಎರಡೂ ಮನೆಯವರು ಒಂದೇ ಜೀಪಿನಲ್ಲಿ ಹೋಗಿ ಬರುತ್ತೇವೆ. ನಮ್ಮ ತಲೆನೋವು ಅಬ್ಬಿ ನೀರಿನದು, ಅಂದರೆ ಗುಡ್ಡದಿಂದ ತಾನಾಗಿ ಇಳಿದು ಬರುವ ನೀರಿನದು.

ಗುಡ್ಡದ ಒರತೆಯಿಂದ ಇಳಿಯುವ ಕರಿ ಪೈಪು ಹಲಸಿನ ಮರದ ಬುಡದಲ್ಲಿ ಕವಲೊಡೆದು ಎರಡು ಮನೆಗಳಿಗೆ ಹೋಗುತ್ತದೆ. ಅವರ ಮನೆ ತಗ್ಗಿನಲ್ಲಿದೆ, ನಮ್ಮದು ದಿಬ್ಬದ ಮೇಲಿದೆ. ಹಾಗಾಗಿ ನೀರು ಕಡಿಮೆಯಾದಾಗ ಮೊದಲು ಒಣಗುವುದು ನಮ್ಮ ಹಂಡೆ. ನಾನು ಅವರ ಕಡೆಯ ವಾಲ್ವನ್ನು ಅರ್ಧ ಸುತ್ತು ಬಿಗಿಮಾಡಿ ಬರುತ್ತೇನೆ, ಸಂಜೆ ಅವರು ಮುಕ್ಕಾಲು ಸುತ್ತು ಸಡಿಲಿಸುತ್ತಾರೆ. "ಭಟ್ರೇ, ನಿಮ್ಮ ಗಣಪತಿಗೆ ದಿನಾ ಎಷ್ಟು ಕೊಡ ನೀರು ಬೇಕು?" ಎಂದು ಅವರು, "ನಿಮ್ಮ ಎಮ್ಮೆ ದಿನಕ್ಕೆ ಎಷ್ಟು ಸಲ ಮೀಯುತ್ತದೆ?" ಎಂದು ನಾನು, ಬೇಲಿಯ ಎರಡೂ ಬದಿ ನಿಂತು ಕೂಗಾಡುತ್ತೇವೆ. ಇದನ್ನು ದೂರದಿಂದ ಯಾರಾದರೂ ಮೊಬೈಲಿನಲ್ಲಿ ಚಿತ್ರೀಕರಿಸಿದರೆ ನಾವು ಸಂಜೆಯ ಸುದ್ದಿಯಾಗುವುದರಲ್ಲಿ ಸಂಶಯವಿಲ್ಲ.

ಪೈಪಿನೊಳಗೆ ಗಾಳಿ ಕಟ್ಟಿಕೊಂಡರೆ ಬಾಯಿಟ್ಟು ಎಳೆಯಬೇಕು. ದಮ್ಮು ಹೆಚ್ಚಿರುವ ಸಾಹೇಬರೇ ಆ ಕೆಲಸ ಮಾಡುತ್ತಾರೆ. ಅವರು ಬಾಯಿಂದ ಎಳೆದ ನೀರೇ ನಮ್ಮ ದೇವರ ಅಭಿಷೇಕಕ್ಕೂ ನಮಾಜಿಗೆ ಮೊದಲು ಅವರು ಕೈಕಾಲು, ಮುಖ ತೊಳೆಯುವ ವುಜೂವಿಗೂ ಒದಗುತ್ತದೆ. ನಮ್ಮ ಅಜ್ಜಿ ಇದ್ದಿದ್ದರೆ ಇದು ನಡೆಯುತ್ತಿರಲಿಲ್ಲ. ಸಾಹೇಬರ ತಂದೆಗೆ ಆಕೆ ಜಗಲಿಯಲ್ಲೇ ಚಹಾ ಕೊಡುತ್ತಿದ್ದರು, ಅದಕ್ಕೆಂದು ಬೇರೆಯೇ ಲೋಟ ಜಗಲಿಯ ಗೂಡಿನಲ್ಲಿರುತ್ತಿತ್ತು, ಕುಡಿದ ಮೇಲೆ ಅವರೇ ತೊಳೆದಿಡಬೇಕಿತ್ತು. ಇದನ್ನು ಮುಚ್ಚಿಟ್ಟು ನಮ್ಮ ಸೌಹಾರ್ದದ ಬಗ್ಗೆ ನಿಮಗೆ ಬರೆದರೆ ತಪ್ಪಾಗುತ್ತದೆ. ಆ ಲೋಟವನ್ನು ಕೊನೆಗೆ ಎಸೆದವರು ನನ್ನ ಅಮ್ಮ. ಯಾವ ದಿನ, ಯಾಕೆ ಎಂದು ಕೇಳಿದರೆ ಇವತ್ತಿಗೂ ಹೇಳುವುದಿಲ್ಲ.

ಬೇಸಿಗೆಯಲ್ಲಿ ಒರತೆಗೆ ಹತ್ತುವುದೂ ಸುಲಭವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ಭಯ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಅದನ್ನು ಹರಡುವ ಉಣುಗು ಹತ್ತಬಾರದೆಂದು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಸವರಿಕೊಂಡು, ಕುತ್ತಿಗೆಯ ಹಿಂಭಾಗಕ್ಕೆ ಒಬ್ಬರಿಗೊಬ್ಬರು ಹಚ್ಚಿಕೊಂಡು ಹೊರಡುತ್ತೇವೆ. ಸ್ವಲ್ಪ ಹೊತ್ತಿನ ಹಿಂದೆ ವಾಲ್ವಿನ ವಿಷಯಕ್ಕೆ ಬೈದಾಡಿಕೊಂಡವರು ನಾವೇ.

ಈಗ ಕೆಲವು ವರ್ಷಗಳಿಂದ ರಂಜಾನ್ ಬೇಸಿಗೆಗೇ ಬರುತ್ತಿದೆ. ಉಪವಾಸವಿರುವ ಸಾಹೇಬರು ಪೈಪಿಗೆ ಬಾಯಿ ಇಡುವಂತಿಲ್ಲವಾದ್ದರಿಂದ ಆ ತಿಂಗಳು ಎಳೆಯುವ ಸರದಿ ನನ್ನದು. ಹೋದ ಸಲ ಬಾಯಿಗೆ ಬಂದ ಮೊದಲ ಕೆಸರು ನೀರನ್ನು ಉಗಿದು, ಹಿಂದೆ ಬಂದ ತಣ್ಣನೆಯ ನೀರು ಕುಡಿಯಲು ಸಂಕೋಚವಾಗಿ ಮರದ ಮರೆಗೆ ಸರಿದೆ. "ಇಲ್ಲೇ ಕುಡೀರಿ ಭಟ್ರೇ, ಉಪವಾಸ ನನಗೆ" ಎಂದರು. ಕುಡಿದು ತಿರುಗುವಷ್ಟರಲ್ಲಿ ಅವರು ನನ್ನ ಕಡೆಯ ವಾಲ್ವನ್ನು ಕಾಲು ಸುತ್ತು ಬಿಗಿಮಾಡಿ ಆಗಿತ್ತು.