ಉರಿಮೂತ್ರಕ್ಕೆ ಮೊದಲು ನಾಟುತ್ತಿದ್ದ ಗುಳಿಗೆ ಈಗ ನಾಟುತ್ತಿಲ್ಲ, ದೇಹಕ್ಕೆ ಔಷಧಿ ಒಗ್ಗಿಹೋಗಿದೆ, ಜಾಸ್ತಿ ಪವರಿನದು ತಗೊಳ್ಳಲಾ?

ತಗೊಳ್ಳಬೇಡಿ. ‘ದೇಹಕ್ಕೆ ಔಷಧಿ ಒಗ್ಗಿಹೋಗಿದೆ’ ಅಂತ ಬರೆದಿದ್ದೀರಲ್ಲ, ಅಲ್ಲೇ ಲೆಕ್ಕ ತಪ್ಪಿದ್ದು. ನಿಮ್ಮ ದೇಹ ಹಾಗೇ ಇದೆ, ಬದಲಾಗಿರುವುದು ಬ್ಯಾಕ್ಟೀರಿಯಾ.

ನಂದೂ ಇದೇ ಕಥೆ. ಕಲಬುರಗಿ ಗಂಜ್‌ನಲ್ಲಿ ಅಡತಿ ಅಂಗಡಿ. ಬೇಸಿಗೆಯಲ್ಲಿ ನೀರು ಕುಡಿಯೋದೇ ನೆನಪಿರುತ್ತಿರಲಿಲ್ಲ. ಉರಿ ಶುರುವಾದರೆ ಮೆಡಿಕಲ್‌ಗೆ ಹೋಗಿ "ಅದೇ ಗುಳಿಗಿ ಕೊಡ್ರಿ" ಅನ್ನುವುದು. ಸಿಪ್ರೊಫ್ಲಾಕ್ಸಾಸಿನ್, ಅಂದರೆ ಸಿಪ್ರೊ, ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯಾಟಿಕ್. ಉರಿ ನಿಂತರೆ ಉಳಿದದ್ದು ಡಬ್ಬಿಗೆ. ಮುಂದೆ ನೆಗಡಿ ಬಂದಾಗ ಅದನ್ನೇ ನುಂಗುವುದು.

ಅರ್ಧಕ್ಕೆ ಬಿಟ್ಟದ್ದೇ ತಪ್ಪು ಅಂತ ಎಲ್ಲರೂ ಬೈದರು. ನನ್ನ ಪ್ರಕಾರ ದೊಡ್ಡ ತಪ್ಪು ಆ ನೆಗಡಿಗೆ ನುಂಗಿದ ಗುಳಿಗೆ. ನೆಗಡಿ ವೈರಸ್‌ನದು, ಅದಕ್ಕೆ ಸಿಪ್ರೊ ಏನೂ ಮಾಡಲ್ಲ. ಆದರೆ ಹೊಟ್ಟೆಗೆ ಹೋದ ಔಷಧಿ ಕರುಳಿನಲ್ಲಿರುವ ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾಗಳಿಗೆ ತಗಲುತ್ತದೆ. ಬಹಳ ಸಲ ಉರಿಮೂತ್ರ ತರುವುದೂ ಇವೇ. ಅವುಗಳ ಡಿಎನ್‌ಎ ಬಿಚ್ಚುವ ಗೈರೇಸ್ ಅನ್ನೋ ಕಿಣ್ವವನ್ನು ಸಿಪ್ರೊ ಹಿಡಿದುಬಿಡುತ್ತದೆ. ಕೋಟಿಗಟ್ಟಲೆಯಲ್ಲಿ ಎಲ್ಲೋ ಒಂದರ ಗೈರೇಸ್ ಸ್ವಲ್ಪ ಬೇರೆ ಇರುತ್ತದೆ, ಔಷಧಿಗೆ ಹಿಡಿತ ಸಿಗಲ್ಲ. ಮಿಕ್ಕವು ಸತ್ತರೆ ಜಾಗವೆಲ್ಲ ಅದಕ್ಕೇ. ಅನುಕೂಲವಿದ್ದರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಔಷಧಿ ತಡೆಯುವ ಕೆಲವು ಜೀನ್‌ಗಳಂತೂ ಪ್ಲಾಸ್ಮಿಡ್ ಅನ್ನೋ ಸಣ್ಣ ಡಿಎನ್‌ಎ ಉಂಗುರದ ಮೇಲೆ ಕೂತು ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟುತ್ತವೆ. ತೊಗರಿಗೆ ಒಂದೇ ಎಣ್ಣೆ (ಕೀಟನಾಶಕ) ಹೊಡೆದು ಹೊಡೆದು ಕಾಯಿಕೊರಕ ಸಾಯದಿದ್ದಾಗ ರೈತರಿಗೆ "ಎಣ್ಣಿ ಬದಲಿ ಮಾಡ್ರಿ" ಅಂತ ಬುದ್ಧಿ ಹೇಳುತ್ತಿದ್ದವನು ನಾನೇ!

ಕೊನೆಗೆ ಚಳಿಜ್ವರ, ಬೆನ್ನಿನ ಒಂದು ಬದಿ ನೋವು, ಆಸ್ಪತ್ರೆ. ಲ್ಯಾಬ್‌ನವರು ಕಲ್ಚರ್ ತಟ್ಟೆ ತೋರಿಸಿದರು, ನನ್ನ ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿದ್ದು. ಅದರ ಮೇಲೆ ಔಷಧಿ ಹಾಕಿದ ಸಣ್ಣ ಸಣ್ಣ ಕಾಗದದ ಬಿಲ್ಲೆಗಳು. ನಾಟುವ ಔಷಧಿಯ ಸುತ್ತ ಏನೂ ಬೆಳೆಯದ ಖಾಲಿ ಉಂಗುರ. ಸಿಪ್ರೊ ಬಿಲ್ಲೆಗೆ ಮಾತ್ರ ಅಂಚಿನವರೆಗೂ ಬ್ಯಾಕ್ಟೀರಿಯಾ ಮುತ್ತಿಕೊಂಡಿತ್ತು. ಮೆರೊಪೆನೆಮ್ ಅನ್ನೋ ಬೇರೆ ಆಂಟಿಬಯಾಟಿಕ್ ಇಂಜೆಕ್ಷನ್ ಹಾಕಬೇಕಾಯಿತು. ಆ ಹಂಗಾಮಿನ ಕಮಿಷನ್ ಎಲ್ಲ ಅಲ್ಲಿಗೇ ಹೋಯಿತು.

ಯಾವ ಗುಳಿಗೆ ಅಂತ ಇಲ್ಲಿ ಯಾರನ್ನೂ ಕೇಳಬೇಡಿ, ನನ್ನನ್ನೂ. ಡಾಕ್ಟರ್ ಹತ್ತಿರ ಹೋಗಿ ಯೂರಿನ್ ಕಲ್ಚರ್ ಬರೆಸಿಕೊಳ್ಳಿ. ಹೊಸ ಗುಳಿಗೆ ಶುರು ಮಾಡುವ ಮೊದಲೇ ಮೂತ್ರ ಕೊಡಿ. ರಿಪೋರ್ಟ್‌ಗೆ ಎರಡು ಮೂರು ದಿನ ಬೇಕು. ಅದರಲ್ಲಿ ಔಷಧಿ ಹೆಸರಿನ ಮುಂದೆ ‘ಆರ್’ ಅಂತ ಬಂದದ್ದು ನಿಮಗೆ ನಾಟಲ್ಲ, ‘ಎಸ್’ ಅಂದರೆ ನಾಟುತ್ತದೆ, ಅಂಥದ್ದರಲ್ಲಿ ಡಾಕ್ಟರೇ ಆರಿಸಲಿ. ಚಳಿಜ್ವರ, ವಾಂತಿ ಬಂದರೆ ರಿಪೋರ್ಟ್‌ಗೂ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಡಬ್ಬಿಯಲ್ಲಿ ಉಳಿದ ಗುಳಿಗೆಯನ್ನು ಪಕ್ಕದ ಮನೆಯವರು ಕೇಳಿದರೂ ಕೊಡಬೇಡಿ.