ಬೇರೆ ಮತದವರು ತಮ್ಮ ಮತವನ್ನು ಬಿಡದೆ ಹಿಂದೂ ಅಧ್ಯಾತ್ಮದ ಬೋಧನೆಗಳನ್ನು ಸ್ವೀಕರಿಸಲು ಹೇಗೆ ಸಾಧ್ಯ?

ಬಹುಮಟ್ಟಿಗೆ ಸಾಧ್ಯ, ಏಕೆಂದರೆ ಈ ಬೋಧನೆಗಳ ಒಂದು ಮುಖ್ಯ ಭಾಗವು ಯಾವ ದೇವರನ್ನು ನಂಬಬೇಕೆಂಬುದಕ್ಕಿಂತ ಮನಸ್ಸನ್ನು ಹೇಗೆ ಶುದ್ಧಗೊಳಿಸಿ ನಿಲ್ಲಿಸಬೇಕೆಂಬುದನ್ನು ಕುರಿತದ್ದು. ಪತಂಜಲಿಯ ಯೋಗಸೂತ್ರವು ಧ್ಯಾನಕ್ಕೆ ಹಲವು ಆಲಂಬನಗಳನ್ನು, ಅಂದರೆ ಮನಸ್ಸು ಹಿಡಿದು ನಿಲ್ಲಬಹುದಾದ ಆಧಾರಗಳನ್ನು, ಹೇಳುತ್ತ ಹೋಗಿ ಕೊನೆಗೆ ‘ಯಥಾಭಿಮತಧ್ಯಾನಾದ್ವಾ’ (1.39) ಎನ್ನುತ್ತದೆ: ತನಗೆ ಇಷ್ಟವಾದುದನ್ನು ಧ್ಯಾನಿಸಿದರೂ ಆದೀತು. ಆ ಇಷ್ಟದ ಸ್ಥಾನದಲ್ಲಿ ಕ್ರೈಸ್ತನು ಕ್ರಿಸ್ತನನ್ನು ಇಟ್ಟುಕೊಂಡರೆ ಸಾಧನೆಯ ಕ್ರಮವೇನೂ ಕೆಡುವುದಿಲ್ಲ. ಭಗವದ್ಗೀತೆಯೂ (7.21) ಭಕ್ತನು ಯಾವ ರೂಪವನ್ನು ಶ್ರದ್ಧೆಯಿಂದ ಅರ್ಚಿಸಬಯಸುವನೋ ಅದರಲ್ಲಿಯೇ ಅವನ ಶ್ರದ್ಧೆಯನ್ನು ಸ್ಥಿರಗೊಳಿಸುವೆನೆಂದು ಕೃಷ್ಣನ ಬಾಯಿಂದ ಹೇಳಿಸುತ್ತದೆ.

ಮೊಗಲ್ ರಾಜಕುಮಾರ ದಾರಾ ಶಿಕೋಹ್ ಇದಕ್ಕೆ ಒಳ್ಳೆಯ ನಿದರ್ಶನ. ಅವನು 1657ರಲ್ಲಿ ಕಾಶಿಯ ಪಂಡಿತರ ನೆರವಿನಿಂದ ಸುಮಾರು ಐವತ್ತು ಉಪನಿಷತ್ತುಗಳನ್ನು ಪಾರಸಿಗೆ ತಂದನು. ಕುರಾನ್ ಸೂಚಿಸುವ ‘ಗುಪ್ತ ಗ್ರಂಥ’ವು ಇವೇ ಎಂದು ಭಾವಿಸಿದನಲ್ಲದೆ, ಇವುಗಳನ್ನು ಓದಲು ಇಸ್ಲಾಮನ್ನು ತೊರೆಯಬೇಕೆಂದು ಅವನಿಗೆ ಎಂದೂ ಅನ್ನಿಸಲಿಲ್ಲ. ಅದೇ ಪಾರಸಿ ಪಾಠವು ಲ್ಯಾಟಿನ್ನಿಗೆ ಅನುವಾದಗೊಂಡು ಜರ್ಮನಿಯ ತತ್ತ್ವಜ್ಞಾನಿ ಶೋಪೆನ್‌ಹೌರನನ್ನು ತಲುಪಿತು.

ಆದರೆ ಎಲ್ಲ ಬೋಧನೆಗಳೂ ಹೀಗೆ ಸುಲಭವಾಗಿ ಹೊಂದುವುದಿಲ್ಲವೆಂಬುದನ್ನು ಮರೆಮಾಚುವುದು, ನನ್ನ ದೃಷ್ಟಿಯಲ್ಲಿ, ಪ್ರಾಮಾಣಿಕವಲ್ಲ. ಪುನರ್ಜನ್ಮವು ಒಂದೇ ಜನ್ಮ ಮತ್ತು ಅಂತಿಮ ತೀರ್ಪನ್ನು ನಂಬುವ ಮತಗಳೊಡನೆ ನೇರವಾಗಿ ಘರ್ಷಿಸುತ್ತದೆ. ಜೀವ-ಬ್ರಹ್ಮರ ಐಕ್ಯವನ್ನಂತೂ, ಅಂದರೆ ಜೀವಾತ್ಮನೂ ಪರಬ್ರಹ್ಮವೂ ಒಂದೇ ಎಂಬ ಬೋಧನೆಯನ್ನು, ಹಿಂದೂ ದಾರ್ಶನಿಕರೇ ಆದ ಮಧ್ವಾಚಾರ್ಯರು ಒಪ್ಪಲಿಲ್ಲ.