ಕಾಡಿನೊಳಗಿನ ಹಾಳೂರನ್ನು ಗುರುತಿಸುವುದು ಹೇಗೆ?

ದೇವರಾಯನದುರ್ಗದ ಕಡೆಯ ಕುರುಚಲು ಕಾಡಿನಲ್ಲಿ ನಡೆಯುವಾಗ ನೆಲಮಟ್ಟದ ಕಲ್ಲುಪಾಯದ ಸಾಲುಗಳನ್ನು ಕಂಡಿರುವುದಾಗಿ ಬರೆದಿದ್ದೀರಿ. ಅದು ಹಳೆಯ ಊರೇ ಅಥವಾ ಕುರಿಯವರು ಮಂದೆ ಕೂಡಲು ಕಟ್ಟಿಕೊಂಡಿದ್ದ ರೊಪ್ಪವೇ, ಇಂಥ ಜಾಗಗಳನ್ನು ಹುಡುಕುವವರು ಎಲ್ಲಿಂದ ಆರಂಭಿಸಬೇಕು ಎಂಬುದು ನಿಮ್ಮ ಪ್ರಶ್ನೆ. ನಾನು ವೃತ್ತಿಯಿಂದ ಪುರಾತತ್ವದವನಲ್ಲ. ಆದರೆ ತುಮಕೂರಿನಲ್ಲೇ ಹುಟ್ಟಿ ಬೆಳೆದು, ಕೊರಟಗೆರೆ ಮತ್ತು ಮಧುಗಿರಿ ತಾಲ್ಲೂಕುಗಳ ಗುಡ್ಡಗಳಲ್ಲಿ ಹದಿನೈದು ವರ್ಷಗಳಿಂದ ರಜೆಯ ದಿನಗಳನ್ನು ಇದಕ್ಕೇ ಕೊಟ್ಟಿರುವುದರಿಂದ, ಕಂಡು ಕಲಿತದ್ದನ್ನು ಹೇಳಬಲ್ಲೆ.

ಪಾಯದ ಸಾಲೊಂದನ್ನೇ ನೋಡಿ ಏನನ್ನೂ ತೀರ್ಮಾನಿಸಬೇಡಿ. ರೊಪ್ಪಕ್ಕೂ ಹೊಲದ ಬದುವಿಗೂ ಮನೆಗೂ ಬಳಸಿದ್ದು ಅದೇ ಕಾಡುಗಲ್ಲು, ಮತ್ತು ನೂರು ವರ್ಷ ಕಳೆದ ಮೇಲೆ ಎಲ್ಲವೂ ಒಂದೇ ರೀತಿ ಕಾಣುತ್ತವೆ. ಜನ ಸಂಸಾರ ಮಾಡಿದ ಜಾಗವನ್ನು ತಿಳಿಸುವುದು ಗೋಡೆಗಿಂತ ಹೆಚ್ಚಾಗಿ ನಿತ್ಯದ ಬಳಕೆಯ ಕಲ್ಲುಗಳು. ಬಂಡೆಯಲ್ಲೇ ಕುಟ್ಟಿ ಕುಟ್ಟಿ ಗುಳಿಬಿದ್ದ ಒರಳು, ಒಡೆದ ಬೀಸುಕಲ್ಲಿನ ಹೋಳು, ಎಣ್ಣೆ ತೆಗೆಯುತ್ತಿದ್ದ ಕಲ್ಲುಗಾಣ, ಇವುಗಳಲ್ಲಿ ಎರಡು ಮೂರು ಹತ್ತಿರ ಹತ್ತಿರ ಸಿಕ್ಕರೆ ಅಲ್ಲಿ ಊರಿತ್ತೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಮಣ್ಣನ್ನೂ ಗಮನಿಸಿ. ಸುತ್ತಲಿನ ನೆಲ ಕೆಂಪಾಗಿದ್ದು ಒಂದು ದಿಬ್ಬ ಮಾತ್ರ ಬೂದಿಬಣ್ಣಕ್ಕಿದ್ದರೆ, ಅದು ತಲೆಮಾರುಗಳ ಒಲೆಯ ಬೂದಿ, ಸಗಣಿ, ಕಸ ಬಿದ್ದು ಮಾಗಿದ ಮಣ್ಣು. ಅದರಲ್ಲಿ ಮಡಕೆಯ ಚೂರುಗಳು ಇಲ್ಲದಿರುವುದು ಅಪರೂಪ. ಕಾಡುಗಿಡಗಳ ನಡುವೆ ಮುದಿ ಹುಣಸೆಮರಗಳು ಗುಂಪಾಗಿ ನಿಂತಿರುವುದು ಕೂಡ ದೂರದಿಂದಲೇ ಕಾಣುವ ಒಳ್ಳೆಯ ಸುಳಿವು.

ಹಗೇವುಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಡಲು ನೆಲದೊಳಗೆ ತೋಡುತ್ತಿದ್ದ, ಬಾಯಿ ಕಿರಿದಾಗಿ ಒಡಲು ಅಗಲವಾಗಿರುವ ಈ ಕಣಜಗಳ ಮೇಲೆ ಈಗ ಹುಲ್ಲು ಬೆಳೆದಿರುತ್ತದೆ. ಕೋಲಿನಿಂದ ನೆಲ ತಟ್ಟುತ್ತಾ ನಡೆಯಿರಿ. ಕಂಡ ಹಗೇವಿನೊಳಗೆ ಇಳಿಯುವ ಸಾಹಸವಂತೂ ಬೇಡ, ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟುತ್ತದೆ.

ಇದಾದ ಮೇಲೆ ನೀರು. ಶಿಂಷಾ, ಜಯಮಂಗಲಿ ಎರಡೂ ದೇವರಾಯನದುರ್ಗದ ಬೆಟ್ಟಗಳಲ್ಲೇ ಹುಟ್ಟಿದರೂ ನಮ್ಮ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಆದ್ದರಿಂದ ಕೆರೆಯನ್ನೋ ಕಟ್ಟೆಯನ್ನೋ ನಂಬದೆ ಯಾರೂ ಊರು ಕಟ್ಟಲಿಲ್ಲ. ಒಡೆದುಹೋದ ಏರಿ ಕಾಡಿನಲ್ಲಿ ಉದ್ದನೆಯ ದಿಣ್ಣೆಯಂತೆ ಕಾಣುತ್ತದೆ, ಅದರ ಮೇಲೆ ಮರಗಳೂ ಬೆಳೆದಿರುತ್ತವೆ. ಆದರೆ ಕೆರೆಯ ನೀರನ್ನು ಹೊರಬಿಡುತ್ತಿದ್ದ ತೂಬಿನ ಎರಡು ಕಲ್ಲುಕಂಬಗಳು ಸಾಮಾನ್ಯವಾಗಿ ನಿಂತೇ ಇರುತ್ತವೆ. ನಾನು ಕಂಡ ಹಾಳೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಿಕ್ಕಿದ್ದು ಮೊದಲು ತೂಬು ಕಂಡು, ಅಲ್ಲಿಂದ ಏರಿಯ ಒಂದು ತುದಿಯ ಎತ್ತರದ ಜಾಗವನ್ನು ಹುಡುಕಿಕೊಂಡು ಹೋದಾಗ. ಬೆಟ್ಟದ ಮೇಲಾದರೆ ಏರಿಯ ಬದಲು ಮಳೆನೀರು ನಿಲ್ಲುವ ಬಂಡೆಯ ಗುಂಡಿಗಳನ್ನು, ಅಂದರೆ ದೊಣೆಗಳನ್ನು ನೋಡಬೇಕು. ಕಣ್ಣು ಪಳಗಲಿ ಎಂದರೆ ಮೊದಲು ಚನ್ನರಾಯನದುರ್ಗಕ್ಕೋ ಮಿಡಿಗೇಶಿಗೋ ಹೋಗಿಬನ್ನಿ. ಕೋಟೆಯ ಒಳಗೆ ನೀರಿಗೂ ಕಟ್ಟಡಕ್ಕೂ ಇರುವ ನಂಟು ಅಲ್ಲಿ ಕಣ್ಣೆದುರಿಗೇ ಇರುವುದರಿಂದ, ಬರೀ ಪಾಯ ಉಳಿದ ಜಾಗವನ್ನು ಓದುವುದು ಆಮೇಲೆ ಸುಲಭವಾಗುತ್ತದೆ.

ಕೆಲವೆಡೆ ಕಪ್ಪಗೆ, ತೂತುತೂತಾಗಿ, ಗಾತ್ರಕ್ಕೆ ಮೀರಿದ ಭಾರವಿರುವ ಗಟ್ಟಿಗಳು ಕಾಲಿಗೆ ಎಡವುತ್ತವೆ. ಅದು ಕಬ್ಬಿಣ ಕರಗಿಸಿದಾಗ ಉಳಿದ ಕಿಟ್ಟ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಮಳೆನೀರಿನೊಂದಿಗೆ ಇಳಿದುಬರುವ ಕಪ್ಪು ಮರಳಿನಿಂದ ಇಲ್ಲಿನವರು ಕಬ್ಬಿಣ ತೆಗೆಯುತ್ತಿದ್ದುದನ್ನೂ ಚನ್ನರಾಯನದುರ್ಗದ ಬಳಿ ಉಕ್ಕು ಮಾಡುತ್ತಿದ್ದುದನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಕುಲುಮೆಗೆ ಇದ್ದಿಲು ಬೇಕು, ಇದ್ದಿಲಿಗೆ ಕಾಡು ಬೇಕು. ಹೀಗಾಗಿ ಕಿಟ್ಟ ಸಿಕ್ಕ ಜಾಗ ಊರೇ ಆಗಿರಬೇಕೆಂದಿಲ್ಲ, ಕೆಲಸಕ್ಕೆಂದು ಕೆಲವು ತಿಂಗಳು ಬೀಡುಬಿಟ್ಟ ತಾಣವೂ ಆಗಿರಬಹುದು.

ಕಾಡಿಗೆ ಹೋಗುವ ಮುನ್ನ ಕಾಗದಗಳನ್ನು ನೋಡುವುದು ಅರ್ಧ ದಾರಿ ಸವೆಸಿದಂತೆ. ಕಂದಾಯ ದಾಖಲೆಗಳಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಮಾತು ಬರುತ್ತದೆ. ದೀಪವಿಲ್ಲದ್ದು ಎಂಬ ಅರ್ಥದ ಪಾರಸಿ ಮಾತು ಅದು. ಹೆಸರು ಮತ್ತು ಸರ್ವೆ ನಂಬರುಗಳು ಉಳಿದು, ದೀಪ ಹಚ್ಚುವವರು ಯಾರೂ ಇಲ್ಲದ ಊರು. ನಿಮ್ಮ ಜಾಗ ಯಾವ ಗ್ರಾಮದ ಯಾವ ಸರ್ವೆ ನಂಬರಿಗೆ ಸೇರುತ್ತದೆಂಬುದನ್ನು ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ನೋಡಬಹುದು, ಬಳಿಕ ಆ ಗ್ರಾಮದ ನಕ್ಷೆಯಲ್ಲಿ ಗ್ರಾಮಠಾಣ (ಮನೆಗಳಿಗೆಂದು ಬಿಟ್ಟ ಜಾಗ), ಕೆರೆ, ಹಳೆಯ ಬಂಡಿದಾರಿ ಎಲ್ಲಿವೆಯೆಂದು ಹೋಲಿಸಿರಿ. ಇನ್ನೊಂದು ಆಕರ ಶಾಸನಗಳು. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟ, ಅಂದರೆ 1904ರಲ್ಲಿ ಬಂದ ತುಮಕೂರು ಜಿಲ್ಲೆಯ ಸಂಪುಟ, ತಾಲ್ಲೂಕುವಾರು ಇದೆ. ದಾನಶಾಸನಗಳಲ್ಲಿ ಭೂಮಿಯ ಎಲ್ಲೆ ಹೇಳುವ ಭಾಗವನ್ನು ನಿಧಾನವಾಗಿ ಓದಿ. ಮೂಡಲು ಇಂಥ ಕೆರೆ, ತೆಂಕಲು ಇಂಥ ಹುಣಸೆ, ಪಡುವಲು ಇಂಥ ಹಳ್ಳಿ ಎಂದು ಹೆಸರಿಸುವಾಗ ಇಂದಿನ ಯಾವ ನಕ್ಷೆಯಲ್ಲೂ ಕಾಣದ ಹಳ್ಳಿಯೊಂದು ಅಲ್ಲಿ ಇಣುಕುವುದುಂಟು. ಹಾಗೆ ಓದಿದ ಹೆಸರೊಂದನ್ನು ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಎದುರಿನ ಪೊದೆಯತ್ತ ಕೈತೋರಿಸಿ, ತಾವಾಗಿಯೇ ಹೇಳಿದ ದಿನ ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಆ ಹಿರಿಯರು ಮೊದಲು ಕೇಳಿದ ಮಾತು, “ಯಾಕ್ ಸ್ವಾಮಿ, ನಿಧಿಗೆ ಬಂದ್ರಾ?” ಎಂಬುದು. ನಿಮಗೂ ಇದೇ ಪ್ರಶ್ನೆ ಎದುರಾಗುತ್ತದೆ, ಬೇಸರಪಡಬೇಡಿ. “ಇಲ್ಲ ಯಜಮಾನ್ರೇ, ಹಳೇ ಊರಿನ ಕಥೆ ಕೇಳೋಕೆ ಬಂದೆ” ಎಂದು ಕುಳಿತು, ಅವರ ಕುರಿ, ಮಳೆ, ಮಕ್ಕಳ ಮಾತೆಲ್ಲ ಮುಗಿದ ಮೇಲೆ ಊರು ಯಾಕೆ ಹಾಳಾಯಿತೆಂದು ಕೇಳಿ. ಇರುವೆ ಕಾಟಕ್ಕೆ ಬಿಟ್ಟರು, ಮಾರಿ ಮುನಿದಳು, ದಂಡು ಬಂತು ಎಂದೆಲ್ಲ ಹೇಳುತ್ತಾರೆ. ಇವನ್ನು ಕಟ್ಟುಕಥೆಯೆಂದು ತಳ್ಳುವುದು ತಪ್ಪೆಂದು ನನಗನ್ನಿಸುತ್ತದೆ. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1876-78ರ ಧಾತು-ಈಶ್ವರ ಸಂವತ್ಸರಗಳ ಕ್ಷಾಮದ ನಂತರ, 1881ರಲ್ಲಿ ಸುಮಾರು 42 ಲಕ್ಷವಿತ್ತು. 1898ರಲ್ಲಿ ಪ್ಲೇಗ್ ಸಂಸ್ಥಾನಕ್ಕೆ ಕಾಲಿಟ್ಟಿತು. ಇಲಿ ಸತ್ತು ಬಿದ್ದ ಕೂಡಲೇ ಜನ ಮನೆ ತೊರೆದು ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಮಾರಿಯ ಮುನಿಸು ಎಂಬ ಮಾತಿನ ಹಿಂದೆ ಇಂಥದ್ದೊಂದು ವರ್ಷ ಇರಬಹುದು. ಊರು ಬಿಟ್ಟವರು ದೇವರನ್ನು ಬಿಡದಿರುವುದೂ ಉಂಟು. ಈಗಿನ ಹಳ್ಳಿಯವರು ವರ್ಷಕ್ಕೊಮ್ಮೆ ಕಾಡಿನ ಯಾವ ಆಂಜನೇಯನಿಗೆ, ಯಾವ ಮಾರಮ್ಮನಿಗೆ ಪೂಜೆಗೆ ಹೋಗುತ್ತಾರೆಂದು ವಿಚಾರಿಸಿ. ಆ ಗುಡಿಯ ಸುತ್ತಲೇ ಅವರ ಹಿಂದಿನವರ ಮನೆಗಳಿದ್ದಿರಬಹುದು.

ಈಗ ನನಗೆ ಹೇಳಲು ಕಷ್ಟವಾಗುವ ಮಾತು. ಕೆಲವು ವರ್ಷಗಳ ಹಿಂದೆ ಅಂಥ ಒಂದು ಜಾಗದಲ್ಲಿ ಮೂರು ಪಟ್ಟಿಕೆಗಳ ವೀರಗಲ್ಲೊಂದನ್ನು ಕಂಡೆ. ಕೆಳಗೆ ತುರುಗಳಿಗಾಗಿ ಕಾದುತ್ತಿದ್ದ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದೆದುರು ಕೈಮುಗಿದು ಕುಳಿತ ಅವನೇ. ಸಂತೋಷ ತಡೆಯಲಾರದೆ ಚಿತ್ರವನ್ನೂ ದಾರಿಯನ್ನೂ ಅಂತರ್ಜಾಲದಲ್ಲಿ ಹಂಚಿಕೊಂಡೆ. ಮುಂದಿನ ಬೇಸಿಗೆಯಲ್ಲಿ ಹೋದಾಗ ಕಲ್ಲು ಎರಡು ಹೋಳಾಗಿ ಬಿದ್ದಿತ್ತು, ಅದು ನಿಂತಿದ್ದಲ್ಲಿ ಆಳುದ್ದದ ಗುಂಡಿಯಿತ್ತು, ಅಂಚಿನಲ್ಲಿ ಕುಂಕುಮ ಮತ್ತು ನಿಂಬೆಹಣ್ಣಿನ ಹೋಳುಗಳಿದ್ದವು. ನಿಧಿಗಳ್ಳರಿಗೆ ದಾರಿ ತೋರಿಸಿದ್ದು ನನ್ನ ಬರಹವೇ ಎಂದು ಖಚಿತವಾಗಿ ಹೇಳಲಾರೆ, ಆದರೆ ಆ ಅನುಮಾನ ನನ್ನನ್ನು ಬಿಟ್ಟಿಲ್ಲ. ಅಂದಿನಿಂದ ಜಾಗದ ಗುರುತನ್ನು ನನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಪುರಾತತ್ವ ಇಲಾಖೆಗೆ ಮತ್ತು ಇತಿಹಾಸದ ಅಧ್ಯಾಪಕರಿಗೆ ಮಾತ್ರ ತಿಳಿಸುತ್ತೇನೆ.

ನೀವೂ ಅಗೆಯಬೇಡಿ, ಚೂರನ್ನೂ ಮನೆಗೆ ತರಬೇಡಿ. ಮಡಕೆಯ ಚೂರು ಬಿದ್ದ ಜಾಗದಲ್ಲೇ ಇದ್ದರೆ ಅದು ಯಾವ ಮನೆಯದು, ಯಾವ ಪದರದ್ದು ಎಂದು ಬಲ್ಲವರು ಓದಬಲ್ಲರು. ನಿಮ್ಮ ಮೇಜಿನ ಮೇಲೆ ಬಂದರೆ ಅದು ಬರೀ ಬೋಕಿ. ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಚಿತ್ರ ತೆಗೆಯಿರಿ, ದಿಕ್ಕನ್ನು ಬರೆದುಕೊಳ್ಳಿ. ಶಾಸನದ ಅಕ್ಷರ ಕಾಣದಿದ್ದರೆ ಸುಣ್ಣ ಬಳಿಯುವುದೋ ಕಬ್ಬಿಣದಿಂದ ಕೆರೆಯುವುದೋ ಬೇಡ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿಗೆ ಕಾಯಿರಿ, ಅಕ್ಷರಗಳು ತಾವಾಗಿಯೇ ಎದ್ದು ಬರುತ್ತವೆ.

ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಹೋಗುವುದು ಅಪರಾಧ, ಆದ್ದರಿಂದ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ. ಜನವರಿಯಿಂದ ಮಾರ್ಚ್‌ವರೆಗೆ ಎಲೆ ಉದುರಿ ನೆಲ ಕಾಣುತ್ತದೆ. ಬಂಡೆಗಳ ಗವಿಗಳಲ್ಲಿ ಕರಡಿಗಳಿರುವುದರಿಂದ ಬೆಳಗಾದ ಮೇಲೆ ಹೊರಟು, ಸಂಜೆಗೆ ಮುಂಚೆ ಇಳಿದುಬಿಡಿ, ಜೊತೆಗೆ ಸ್ಥಳೀಯರೊಬ್ಬರು ಇರಲಿ.

ನೀವು ಕಂಡ ಪಾಯದ ಸಾಲಿಗೆ ಮತ್ತೆ ಹೋದಾಗ ಮೊದಲು ಅದರ ಇಳಿಜಾರಿನಲ್ಲಿ ಕೆಳಗಿಳಿದು ಏರಿಯೋ ತೂಬೋ ಇದೆಯೇ ನೋಡಿ, ಆಮೇಲೆ ಅಕ್ಕಪಕ್ಕದ ಬಂಡೆಗಳ ಮೇಲೆ ಒರಳಿನ ಗುಳಿಗಳನ್ನು ಹುಡುಕಿ. ಎರಡೂ ಇಲ್ಲದಿದ್ದರೆ ಬಹುಶಃ ಅದು ರೊಪ್ಪವೇ. ಒಂದಾದರೂ ಸಿಕ್ಕರೆ ಕಂಡದ್ದನ್ನು ಇಲ್ಲಿಯೇ ಬರೆಯಿರಿ, ಜಾಗದ ಹೆಸರನ್ನು ಮಾತ್ರ ಬಿಟ್ಟು.